ಚಾರ್ಟ್ ಕಲಿಯುವವರು ಮೊದಲು ತೆರೆಯಬೇಕಾದ ಪುಸ್ತಕ

ನಾನು ಬೆಂಗಳೂರಿನ ಕನ್ನಡ ಪತ್ರಿಕೆಯೊಂದರ ಗ್ರಾಫಿಕ್ಸ್ ವಿಭಾಗದಲ್ಲಿದ್ದೇನೆ. ದತ್ತಾಂಶವನ್ನು ಚಿತ್ರವಾಗಿಸುವುದನ್ನು ಎಲ್ಲಿ ಕಲಿಯಬೇಕು ಎಂದು ಹೊಸಬರು ಕೇಳಿದರೆ, ಕ್ಲಾಸ್ ವಿಲ್ಕೆ ಅವರ ‘ಫಂಡಮೆಂಟಲ್ಸ್ ಆಫ್ ಡೇಟಾ ವಿಷುವಲೈಸೇಷನ್’ ಓದಿ ಎನ್ನುತ್ತೇನೆ. 2019ರಲ್ಲಿ ಬಂದ ಈ ಪುಸ್ತಕದ ಇಡೀ ಪಠ್ಯ ಲೇಖಕರ ಜಾಲತಾಣದಲ್ಲಿ ಉಚಿತವಾಗಿದೆ. ನಗರದಲ್ಲಿ ವಾರಾಂತ್ಯದ ಕಾರ್ಯಾಗಾರಗಳಿಗೆ ಬರವಿಲ್ಲ. ನಾನು ದುಡ್ಡು ಕೊಟ್ಟು ಕುಳಿತ ಒಂದರಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಚಾರ್ಟ್ ಮೂಡುತ್ತದೆ ಎಂಬುದಷ್ಟೇ ಪಾಠವಾಗಿತ್ತು. ಯಾವುದನ್ನು ಏಕೆ ಆರಿಸಬೇಕೆಂಬ ಮಾತೇ ಬರಲಿಲ್ಲ.

ವಿಲ್ಕೆ ಶುರುಮಾಡುವುದೇ ಅಲ್ಲಿಂದ. ಕೆಟ್ಟ ಚಾರ್ಟ್‌ಗಳನ್ನೂ ಧಾರಾಳವಾಗಿ ಮುದ್ರಿಸಿ, ಪಕ್ಕದಲ್ಲೇ ಕುರೂಪ, ಕಳಪೆ, ತಪ್ಪು ಎಂದು ಬೇರೆ ಬೇರೆ ಗುರುತು ಹಾಕುತ್ತಾರೆ. ನೋಡಲು ಚೆನ್ನಾಗಿಲ್ಲದ್ದು ಬೇರೆ, ಓದುಗರನ್ನು ಗೊಂದಲಕ್ಕೆ ತಳ್ಳುವುದು ಬೇರೆ, ಲೆಕ್ಕವೇ ಸುಳ್ಳಾಗುವುದು ಬೇರೆ. ಈ ವಿವೇಕ ಮೂಡಿದರೆ ಅರ್ಧ ವಿದ್ಯೆ ಬಂದಂತೆ.

ಕಂಬದ ಚಾರ್ಟ್ ಸೊನ್ನೆಯಿಂದಲೇ ಏಳಬೇಕು ಎಂಬ ಅವರ ಅಧ್ಯಾಯವನ್ನು ಕೆಆರ್‌ಎಸ್ ನೀರಿನ ಮಟ್ಟಕ್ಕೆ ಹಚ್ಚಿ ನೋಡಿ. ಗರಿಷ್ಠ ಮಟ್ಟ 124.80 ಅಡಿ. ಕಂಬವನ್ನು 100 ಅಡಿಯಿಂದ ಎಬ್ಬಿಸಿದರೆ 112.40 ಅಡಿ ನೀರಿದ್ದಾಗ ಅಣೆಕಟ್ಟು ಸರಿಯಾಗಿ ಅರ್ಧ ಖಾಲಿಯಾದಂತೆ ಕಾಣುತ್ತದೆ. ಸೊನ್ನೆಯಿಂದ ಎಬ್ಬಿಸಿದರೆ ಶೇ 90ರಷ್ಟು ತುಂಬಿದಂತೆ! ಎರಡೂ ನಿಜವಲ್ಲ. ಜಲಾಶಯ ತಳದಲ್ಲಿ ಕಿರಿದು, ಮೇಲೆ ವಿಶಾಲ. ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಒಂದು ಅಡಿಯದಕ್ಕಿಂತ ಎಷ್ಟೋ ಹೆಚ್ಚು. ಕಂಬ ಬೇಕೆಂದರೆ ಟಿಎಂಸಿ ಲೆಕ್ಕಕ್ಕೆ ಹಾಕಿ, ಪೂರ್ಣ ಸಾಮರ್ಥ್ಯ 49.45 ಟಿಎಂಸಿಗೆ ಹೋಲಿಸಿ. ಅಡಿ ಲೆಕ್ಕವನ್ನು ಗೆರೆಯಲ್ಲಿ ತೋರಿಸಿ. ಕಾವೇರಿಯ ನೀರನ್ನೇ ಕುಡಿಯುವ ಊರಿನಲ್ಲಿ ಇದು ಬರೀ ಅಲಂಕಾರದ ಪ್ರಶ್ನೆಯಲ್ಲ.

ಹೆಸರು ಉದ್ದವಿದ್ದರೆ ಕಂಬಗಳನ್ನು ಅಡ್ಡ ಮಲಗಿಸಿ ಎಂಬ ಸಲಹೆಯಂತೂ ನಮಗೆಂದೇ ಹೇಳಿದಂತಿದೆ. ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ ಎಂದು ಕಂಬದ ಬುಡದಲ್ಲಿ ಓರೆಯಾಗಿ ಬರೆದರೆ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ.

ಕೊರತೆಗಳೂ ಇವೆ. ಉದಾಹರಣೆಗಳಲ್ಲಿ ಬಹುಪಾಲು ಅಮೆರಿಕದವು: ಪಿಟ್ಸ್‌ಬರ್ಗ್‌ನ ಸೇತುವೆಗಳು, ನೆಬ್ರಾಸ್ಕದ ತಾಪಮಾನ. ಅನಿಶ್ಚಿತತೆಯ ಅಧ್ಯಾಯ ಸಂಖ್ಯಾಶಾಸ್ತ್ರದ ಗಂಧವಿಲ್ಲದವರಿಗೆ ಕಷ್ಟ. ಪಠ್ಯದಲ್ಲಿ ಚಾರ್ಟ್ ಬರೆಯುವ ಕೋಡ್ ಇಲ್ಲ, ಅದು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಪ್ರತ್ಯೇಕವಾಗಿದೆ. ನನಗಿದು ಗುಣವಾಗಿಯೇ ಕಂಡಿತು, ಯಾವ ಸಾಫ್ಟ್‌ವೇರ್ ಬಳಸುವವರೂ ಓದಬಹುದಲ್ಲ.

ಕೈಪಳಗಲು ಬರ್ಲಿನ್ ಮೂಲದ ಚಾರ್ಟ್ ತಯಾರಿಸುವ ಸಾಧನ ಡೇಟಾರ‍್ಯಾಪರ್ ಸಾಕು. ಬ್ರೌಸರಿನಲ್ಲೇ ನಡೆಯುತ್ತದೆ, ಆರಂಭಕ್ಕೆ ಉಚಿತ ಖಾತೆಯೇ ಧಾರಾಳ. ಅಂಕಿಅಂಶಕ್ಕೆ ನಮ್ಮ ಊರಿನದೇ ಜಾಲತಾಣ ಓಪನ್‌ಸಿಟಿ ಇದೆ. ಪಾಲಿಕೆಯ ಬಜೆಟ್, ವಾರ್ಡ್‌ಗಳ ಮಾಹಿತಿಯ ಕಡತಗಳನ್ನು ಅಲ್ಲಿಂದ ಇಳಿಸಿಕೊಳ್ಳಬಹುದು. ಎಡ್ವರ್ಡ್ ಟಫ್ಟಿ ಅವರ 1983ರ ಮೇರುಕೃತಿ ‘ದ ವಿಷುವಲ್ ಡಿಸ್‌ಪ್ಲೇ ಆಫ್ ಕ್ವಾಂಟಿಟೇಟಿವ್ ಇನ್ಫರ್ಮೇಷನ್’ ಅನ್ನು ಆಮೇಲೆ ಕೊಳ್ಳಿ. ಮೊದಲು ನಿಮ್ಮ ವಾರ್ಡ್‌ನ ಒಂದು ಕಡತ ತೆಗೆದು, ವಿಲ್ಕೆಯ ಬಣ್ಣದ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಚಾರ್ಟ್ ಬರೆಯಿರಿ.