ಪಾಝ್ ಒತ್ತಿ ಎದ್ದು ಹೋಗಲು ಬಿಡುವ ಆಟವೇ ನನಗೆ ಸರಿ

ದಿನಕ್ಕೆ ಆಟಕ್ಕೆಂದು ಸಿಗುವುದು ಒಂದೂವರೆ ಗಂಟೆ, ಅದೂ ತುಂಡು ತುಂಡಾಗಿ. ಹೀಗಿರುವಾಗ ಒಬ್ಬರೇ ಆಡುವ ಆರ್‌ಪಿಜಿಯನ್ನೂ (ಪಾತ್ರವೊಂದನ್ನು ಬೆಳೆಸುತ್ತಾ ಕತೆಯಲ್ಲಿ ಸಾಗುವ ಆಟ) ಆನ್‌ಲೈನ್ ಪೈಪೋಟಿಯ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಕಷ್ಟ. ನನ್ನ ಓಟು ಆರ್‌ಪಿಜಿಗೆ.

ಬಾಲ್ಡರ್ಸ್ ಗೇಟ್ 3 ಎಂಬ ಆರ್‌ಪಿಜಿಯಲ್ಲಿ ಎಫ್5 ಒತ್ತಿದರೆ ಸೇವ್ ಆಯಿತು, ಎದ್ದು ಹೋಗಬಹುದು. ಎಲ್ಡನ್ ರಿಂಗ್‌ನಲ್ಲಿ ನೇರ ಪಾಝ್ ಬಟನ್ ಇಲ್ಲ ನಿಜ, ಆದರೆ ಮೇನ್ ಮೆನುಗೆ ಹೋದರೆ ಅದೇ ಸೇವ್ ಮಾಡಿಕೊಳ್ಳುತ್ತದೆ. ಪೈಪೋಟಿಯ ಕಡೆ ನೋಡಿ: ಐವರ ತಂಡಗಳು ಆಡುವ ಶೂಟರ್ ವ್ಯಾಲರಂಟ್‌ನಲ್ಲಿ ಗೆಲ್ಲಲು 13 ರೌಂಡ್ ಬೇಕು. 12-12 ಆದರೆ ಓವರ್‌ಟೈಮ್. ಮುಕ್ಕಾಲು ಗಂಟೆ ಯಾರೂ ಕರೆಯಬಾರದು, ಬೆಲ್ ಆಗಬಾರದು. ನಡುವೆ ಬಿಟ್ಟುಹೋದರೆ ದಂಡ, ಜೊತೆಗೆ ಉಳಿದ ನಾಲ್ವರ ಬೈಗುಳ. ಇನ್ನೊಂದು ತಂಡದಾಟ ಡೋಟಾ 2ರಲ್ಲಿ ಪಾಝ್ ಇದೆ, ಆದರೆ ಎದುರು ತಂಡದವರೂ ಅದನ್ನು ತೆಗೆದುಬಿಡಬಹುದು!

ಇದಕ್ಕಿಂತ ದೊಡ್ಡ ಕಿರಿಕಿರಿ ಪಿಂಗ್, ಅಂದರೆ ನಿಮ್ಮ ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ. ಸರಾಸರಿ ಪಿಂಗ್ ನೋಡಿ ಸಮಾಧಾನಪಡುವವರೇ ಹೆಚ್ಚು, ಆಟ ಕೆಡಿಸುವುದು ಅದರ ಏರಿಳಿತ. ಸದಾ 70 ಮಿಲಿಸೆಕೆಂಡ್ ಇದ್ದರೆ ಕೈ ಹೊಂದಿಕೊಳ್ಳುತ್ತದೆ. 30 ಇದ್ದದ್ದು ಇದ್ದಕ್ಕಿದ್ದಂತೆ 180ಕ್ಕೆ ಜಿಗಿದರೆ ಯಾವ ಕೈಯೂ ಹೊಂದಿಕೊಳ್ಳದು. ಮೂಲೆಯಿಂದ ಇಣುಕಿ, ಗುಂಡು ಹಾರಿಸಿ, ಗೋಡೆಯ ಹಿಂದೆ ಪೂರ್ತಿ ಸರಿದಿರುತ್ತೀರಿ. ಆದರೂ ಅಲ್ಲೇ ಸಾಯುತ್ತೀರಿ. ಎದುರಾಳಿಯ ಪರದೆಯಲ್ಲಿ ನೀವಿನ್ನೂ ಹೊರಗೇ ಇದ್ದಿರಿ, ಸರ್ವರ್ ಸಮಯವನ್ನು ಅಷ್ಟು ಹಿಂದಕ್ಕೆ ತಿರುಗಿಸಿ ಅವನ ಗುಂಡನ್ನು ಲೆಕ್ಕ ಹಾಕುತ್ತದೆ.

ತಪ್ಪು ಎಲ್ಲಿದೆ ಎಂದು ಹುಡುಕಲು ಹತ್ತು ನಿಮಿಷ ಸಾಕು. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಒಂದರಲ್ಲಿ ರೂಟರ್ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಗೂಗಲ್‌ನ ಸರ್ವರ್ 8.8.8.8ಕ್ಕೆ ನಿಲ್ಲದೆ ಪಿಂಗ್ ಓಡಲಿ (ping -t ಎಂದು ಬರೆದು ಮುಂದೆ ವಿಳಾಸ). ರೂಟರಿನದೇ 1–3 ಮಿಲಿಸೆಕೆಂಡ್ ದಾಟಿ ಕುಣಿಯುತ್ತಿದ್ದರೆ ದೋಷ ವೈಫೈಯದು. ಲ್ಯಾನ್ ಕೇಬಲ್ ಹಾಕಿ, ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. ರೂಟರ್ ಸರಿ ಇದ್ದು, ಯಾರದೋ ಫೋನ್ ಫೋಟೋ ಬ್ಯಾಕಪ್ ಶುರುಮಾಡಿದಾಗ ಎರಡನೆಯದು ಜಿಗಿದರೆ, ಅಪ್‌ಲೋಡ್ ಸಾಲು ತುಂಬಿಕೊಂಡಿದೆ ಎಂದರ್ಥ. ನಿಮ್ಮ ಆಟದ ಪುಟ್ಟ ಪ್ಯಾಕೆಟ್‌ಗಳು ಫೋಟೋಗಳ ಹಿಂದೆ ಕ್ಯೂ ನಿಂತಿರುತ್ತವೆ. ರೂಟರ್‌ನಲ್ಲಿ ಎಸ್‌ಕ್ಯೂಎಂ (ಈ ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ಸೌಲಭ್ಯ) ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ. 85–90ಕ್ಕೆ ಇಳಿಸಿ. ವೇಗ ಸ್ವಲ್ಪ ಹೋಗುತ್ತದೆ, ಜಿಗಿತ ನಿಲ್ಲುತ್ತದೆ.

ಎರಡೂ ಸರಿಯಿದ್ದು ಆಟದೊಳಗೆ ಮಾತ್ರ ಪಿಂಗ್ ಹೆಚ್ಚಿದ್ದರೆ ಕಾರಣ ಸರ್ವರಿನ ದೂರ ಅಥವಾ ಇಂಟರ್ನೆಟ್ ಕಂಪನಿಯ ಸುತ್ತುದಾರಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ, 2,000 ಕಿ.ಮೀ. ದೂರದ ಸರ್ವರಿಗೆ ಹೋಗಿ ಬರಲು 20 ಮಿಲಿಸೆಕೆಂಡ್ ಬೇಕೇ ಬೇಕು. ಡಿಎನ್‌ಎಸ್ (ಹೆಸರಿನಿಂದ ಸರ್ವರ್ ವಿಳಾಸ ತಿಳಿಸುವ ಸೇವೆ) ಬದಲಿಸಿದರೆ ಪಿಂಗ್ ಇಳಿಯುತ್ತದೆ ಅನ್ನುವುದನ್ನು ನಂಬಬೇಡಿ. ಡಿಎನ್‌ಎಸ್ ವಿಳಾಸ ಹುಡುಕಿಕೊಟ್ಟ ಮೇಲೆ ಮ್ಯಾಚಿನಲ್ಲಿ ಅದಕ್ಕೆ ಕೆಲಸವಿಲ್ಲ.

ಆರ್‌ಪಿಜಿಯ ತಲೆನೋವು ಮಾಡ್‌ಗಳದು, ಅಂದರೆ ಆಟಕ್ಕೆ ಹೊರಗಿನವರು ಮಾಡಿದ ಸೇರ್ಪಡೆಗಳದು. ಸ್ಕೈರಿಮ್‌ನಲ್ಲಿ ಆಟದ ನಡುವೆ ಸ್ಕ್ರಿಪ್ಟ್ (ಆಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಇರುವ ಮಾಡ್ ತೆಗೆದರೆ ಅದರ ಅವಶೇಷ ಸೇವ್ ಫೈಲಿನಲ್ಲೇ ಉಳಿದು ಮುಂದೆಲ್ಲೋ ಕ್ರ್ಯಾಶ್ ಮಾಡಿಸಬಹುದು. ಶುರುವಿನಲ್ಲಿ ಹಾಕಿದ ಪಟ್ಟಿಯನ್ನು ಕೊನೆವರೆಗೂ ಮುಟ್ಟಬೇಡಿ. ಆಟ ಕೊಳ್ಳುವ ಅಂಗಡಿ ಸ್ಟೀಮ್‌ನಲ್ಲಿ ಆಟ ತೆರೆದಾಗಷ್ಟೇ ಅಪ್‌ಡೇಟ್ ಆಗುವಂತೆ ಇಟ್ಟುಕೊಳ್ಳಿ, ಇಲ್ಲವಾದರೆ ರಾತ್ರೋರಾತ್ರಿ ಬಂದ ಪ್ಯಾಚ್ ಮಾಡ್‌ಗಳನ್ನು ಮುರಿಯಬಹುದು. ಎಫ್5 ಒಂದನ್ನೇ ನಂಬದೆ, ದೊಡ್ಡ ನಿರ್ಧಾರದ ಮುಂಚೆ ಹೆಸರಿಟ್ಟು ಬೇರೆ ಸೇವ್ ಮಾಡಿ.

ಹಳೇ ಕಂಪ್ಯೂಟರಿಗೆ ಪೈಪೋಟಿಯ ಆಟವೇ ಹಗುರ, ಒಪ್ಪಿದೆ.

ಖರ್ಚು: ಆರ್‌ಪಿಜಿಗೆ ಒಮ್ಮೆ, ಅದೂ ರಿಯಾಯಿತಿಯಲ್ಲಿ. ಪೈಪೋಟಿಯ ಆಟ ಹಲವು ಬಾರಿ ಉಚಿತ, ಸ್ಕಿನ್ (ಪಾತ್ರ, ಆಯುಧಗಳ ಅಲಂಕಾರ) ಕಂಡು ಕೈ ತಡೆಯದಿದ್ದರೆ ಅದೇ ದುಬಾರಿ.

ಆಯಸ್ಸು: 2011ರ ಸ್ಕೈರಿಮ್ ಇಂದೂ ಓಡುತ್ತದೆ. ಕಾಂಕಾರ್ಡ್ ಎಂಬ ಆನ್‌ಲೈನ್ ಶೂಟರ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಸರ್ವರ್ ಮುಚ್ಚಿತು.

ಕೇಬಲ್, ಅಡ್ಡಿಯಿಲ್ಲದ ಒಂದು ಗಂಟೆ, ನಾಲ್ವರು ಗೆಳೆಯರು, ಈ ಮೂರೂ ಒಟ್ಟಿಗೆ ಸಿಗುವವರಿಗೆ ಡೋಟಾ ಕೊಡುವ ಮಜಾ ಬೇರೆ ಯಾವುದೂ ಕೊಡದು. ನನಗದು ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಆ ದಿನ ಮನೆಯ ಫೋನ್‌ಗಳ ಬ್ಯಾಕಪ್ ನಿಲ್ಲಿಸಿಯೇ ಕೂರುವುದು.