‘ಟೆಸ್ಟೆಡ್, ವರ್ಕಿಂಗ್’ ಎಂಬ ಎರಡು ಪದ ನಂಬಿ ಬಾಕ್ಸ್ ಕ್ಯಾಮೆರಾ ಕೊಂಡ ನನ್ನ ಕಥೆ

ಹಳೆಯ ಬಾಕ್ಸ್ ಕ್ಯಾಮೆರಾವನ್ನು ಆನ್‌ಲೈನ್‌ನಲ್ಲಿ ನೋಡಿ, ಮುಂಗಡವಾಗಿ ಹಣ ಕಳುಹಿಸಿ ತರಿಸಿಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಹಣ ಕಳುಹಿಸಿ. ನಾನು 3,800 ರೂಪಾಯಿ ಕೊಟ್ಟೆ, ಕೊರಿಯರ್‌ಗೆಂದು ಬೇರೆ 250 ಕೊಟ್ಟೆ, ಒಂದು ಹೊಸ ರೋಲ್ ಹಾಳು ಮಾಡಿಕೊಂಡೆ. ಹೋದ ಹಣಕ್ಕಿಂತ, ಒಂದು ಲೆನ್ಸ್, ಒಂದು ಶಟರ್, ಒಂದು ತಿರುಗಿಸುವ ಕೀಲಿ ಬಿಟ್ಟರೆ ಒಳಗೆ ಏನೂ ಇಲ್ಲದ ಇಷ್ಟು ಸರಳವಾದ ಡಬ್ಬಿಯ ವಿಷಯದಲ್ಲಿ ಮೋಸ ಹೋದೆನಲ್ಲ ಎಂಬ ನಾಚಿಕೆಯೇ ನನ್ನನ್ನು ಹೆಚ್ಚು ಸುಡುತ್ತಿದೆ.

ಮಾರಾಟಕ್ಕಿಟ್ಟಿದ್ದದ್ದು ಕೊಡಕ್ ಸಿಕ್ಸ್-20 ಬ್ರೌನಿ ಡಿ, ಇಂಗ್ಲೆಂಡಿನಲ್ಲಿ ತಯಾರಾದದ್ದು. ಕೆಳಗೆ ‘120 ಫಿಲ್ಮ್, ಟೆಸ್ಟೆಡ್, ವರ್ಕಿಂಗ್’ ಎಂದು ಬರೆದಿತ್ತು; 120 ಎಂದರೆ ರೋಲ್ ಫಿಲ್ಮಿನ ಒಂದು ಬಗೆ. ಇದರಲ್ಲಿಯೇ ತೆಗೆದದ್ದೆಂದು ಮೂರು ಕಪ್ಪು-ಬಿಳುಪು ಚಿತ್ರಗಳನ್ನೂ ಹಾಕಿದ್ದರು: ಒಂದು ಪುಷ್ಕರಣಿ, ಒಂದು ಗುಡಿಯ ಮೆಟ್ಟಿಲು, ಸೈಕಲ್ ಹಿಡಿದು ನಿಂತ ಒಬ್ಬ ಮುದುಕ. ಎಷ್ಟನೆಯ ಚಿತ್ರ ಎಂಬ ಸಂಖ್ಯೆ ನೋಡಲು ಹಿಂಬದಿಯಲ್ಲಿರುವ ಕೆಂಪು ಕಿಟಕಿಯ ಮೇಲೆ ಕಪ್ಪು ಟೇಪ್ ಅಂಟಿಸಿತ್ತು. ಈಗಿನ ಫಿಲ್ಮ್‌ಗೆ ಕೆಂಪು ಬೆಳಕೂ ತಾಗುತ್ತದೆಂದು ತಿಳಿದವರು ಮಾತ್ರ ಹಾಗೆ ಮುಚ್ಚುತ್ತಾರೆ. ಇವರು ತಿಳಿದವರು ಎಂದು ನನಗೆ ಗೌರವವೇ ಬಂದಿತು. ಆ ಗೌರವವನ್ನು ನೆನೆದರೆ ಈಗ ನಗು ಬರುವುದಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅಪ್ಪನ ಆಗ್ಫಾ ಕ್ಲಿಕ್ 3 ಇತ್ತು, ಅದಕ್ಕೆ 120 ರೋಲ್ ತಕರಾರಿಲ್ಲದೆ ಕೂರುತ್ತಿತ್ತು, ಬಾಕ್ಸ್ ಕ್ಯಾಮೆರಾ ಎಂದರೆಲ್ಲ ಹಾಗೆಯೇ ಎಂಬ ಭ್ರಮೆಯಲ್ಲಿದ್ದೆ. ‘ಸಿಕ್ಸ್-20’, ಅಂದರೆ 620 ಎಂಬ ಇನ್ನೊಂದು ಬಗೆಯ ರೋಲ್, ಎಂದು ಹೆಸರಿನಲ್ಲಿಯೇ ಇದ್ದುದನ್ನು ಗಮನಿಸಿ ಮಾರುವವರನ್ನು ಕೇಳಿದ್ದೆ ಕೂಡ. “ಸಿಕ್ಸ್-ಟ್ವೆಂಟಿ ಅಂದ್ರೂ ಒನ್-ಟ್ವೆಂಟಿ ಅಂದ್ರೂ ಒಂದೇ ಸರ್, ಫಿಲ್ಮ್ ಒಂದೇ” ಎಂದರು. ಫಿಲ್ಮ್ ಒಂದೇ ಎಂಬುದು ನಿಜ. ಆದರೆ ಅದನ್ನು ಸುತ್ತುವ ಸ್ಪೂಲ್ ಬೇರೆ. 620ರ ಸ್ಪೂಲಿನ ನಡುವಿನ ಕಡ್ಡಿ ಸಪೂರ, ತುದಿಯ ಬಿಲ್ಲೆ ಸುಮಾರು ಎರಡು ಮಿಲಿಮೀಟರಿನಷ್ಟು ಚಿಕ್ಕದು, ಕೀಲಿ ಕೂರುವ ಸೀಳೂ ಚಿಕ್ಕದು. ಕೊಡಕ್ 620 ರೋಲ್ ತಯಾರಿಸುವುದನ್ನು 1995ರಲ್ಲಿಯೇ ನಿಲ್ಲಿಸಿದೆ. ಅರ್ಧ ನಿಜ ಹೇಳಿ ಉಳಿದರ್ಧವನ್ನು ನುಂಗುವವರ ಜೊತೆ ವಾದಿಸುವುದು ಹೇಗೆ?

ಪೆಟ್ಟಿಗೆ ಬಂದ ದಿನ ಹಿಂಬಾಗಿಲು ತೆರೆದು ನೋಡಿದರೆ ಒಳಗೆ ಒಂದು ಸ್ಪೂಲ್ ಕೂಡ ಇರಲಿಲ್ಲ. ಫೋನ್ ಮಾಡಿದೆ. “ಖಾಲಿ ಸ್ಪೂಲ್ ಯಾರು ಕೊಡ್ತಾರೆ ಸರ್? ಅದು ಕ್ಯಾಮೆರಾದ ಭಾಗ ಅಲ್ಲ.” ಹಾಗಾದರೆ ನೀವು ಫಿಲ್ಮ್ ಹಾಕಿದ್ದು ಹೇಗೆ ಎಂದರೆ, “120 ಸ್ಪೂಲನ್ನ ಸ್ವಲ್ಪ ಉಜ್ಜಿ ಹಾಕಿ, ಎಲ್ಲರೂ ಹಾಗೇ ಮಾಡ್ತಾರೆ.” ಎರಡು ಸಂಜೆ ಉಗುರು ಕತ್ತರಿ ಮತ್ತು ಮರಳು ಕಾಗದ ಹಿಡಿದು ಕುಳಿತು, ಹೊಸ ರೋಲಿನ ಅಂಚನ್ನೂ, ಫಿಲ್ಮ್ ಸುತ್ತಿಕೊಳ್ಳಲು ಒಂದು ಖಾಲಿ 120 ಸ್ಪೂಲಿನ ಅಂಚನ್ನೂ ಉಜ್ಜಿದೆ. ಮೂರನೆಯ ಚಿತ್ರಕ್ಕೆ ಕೀಲಿ ತಿರುಗಿತು, ಫಿಲ್ಮ್ ತಿರುಗಲಿಲ್ಲ. ರಾತ್ರಿ ಕಂಬಳಿಯೊಳಗೆ ಕೈ ಹಾಕಿ ತಡಕಾಡಿ ಅದನ್ನು ಹೊರತೆಗೆದೆ. ತೊಳೆಸಿ ನೋಡಿದರೆ ಎರಡು ಚಿತ್ರಗಳ ನಟ್ಟನಡುವೆ ಒಂದೊಂದು ಕಪ್ಪು ಉಂಡೆ. ಆಗ ಹೋಗಿ ಆ ಟೇಪ್ ಕಿತ್ತೆ. ಅದರ ಕೆಳಗೆ ಕೆಂಪು ಹಾಳೆಯೇ ಇಲ್ಲ, ಬರೀ ತೂತು. ಚಿತ್ರದ ಸಂಖ್ಯೆ ನೋಡಲು ಪ್ರತಿ ಸಲವೂ ನಾನು ಆ ಟೇಪನ್ನು ಎತ್ತಿದ್ದೆ, ಒಳಗಿನ ಕತ್ತಲಿಗೆ ಕಣ್ಣು ಕಿರಿದು ಮಾಡಿ ಅಂಕಿ ಹುಡುಕುವ ಆತುರದಲ್ಲಿ ಹಾಳೆಯ ಕಡೆ ನೋಡಿಯೇ ಇರಲಿಲ್ಲ.

ಅಂದು ರಾತ್ರಿ ನಿದ್ದೆ ಬರದೆ ಅವರ ಆ ಮೂರು ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಪುಷ್ಕರಣಿ, ಮೆಟ್ಟಿಲು, ಸೈಕಲ್ ಮುದುಕ. ಮೂರೂ ಚೌಕ. ಈ ಕ್ಯಾಮೆರಾ ತೆಗೆಯುವುದು 6×9 ಸೆಂಟಿಮೀಟರಿನ ಉದ್ದನೆಯ ಚಿತ್ರ, ರೋಲಿಗೆ ಎಂಟು. ನನ್ನ ಕೈಯಲ್ಲಿಯೇ ಹಾಳಾದ ಎರಡು ಉದ್ದನೆಯ ನೆಗೆಟಿವ್ ಇದ್ದವು, ಎದುರಿಗೆ ಪರದೆಯ ಮೇಲೆ ಮೂರು ಚೌಕಗಳು. ಹದಿನೈದು ದಿನ ನಾನು ಆ ಚೌಕಗಳನ್ನು ಎಷ್ಟು ಜನರಿಗೆ ತೋರಿಸಿ ಮೆರೆದಿದ್ದೆನೋ! ಇನ್ನೊಂದು ಮಾತೂ ಆಗಲೇ ಹೊಳೆಯಿತು. ನಿಜವಾಗಿ ಒಂದು ರೋಲ್ ತೆಗೆದು ಪರೀಕ್ಷೆ ಮಾಡಿದ್ದರೆ, ಫಿಲ್ಮ್ ಬಿಚ್ಚಿಕೊಂಡು ಬಂದ ಖಾಲಿ ಸ್ಪೂಲ್ ಒಳಗೇ ಉಳಿದಿರಬೇಕಿತ್ತಲ್ಲವೇ?

ಬೆಳಿಗ್ಗೆ ಚೌಕದ ವಿಷಯ ಬರೆದೆ. “ಕ್ರಾಪ್ ಮಾಡಿದ್ದು ಸರ್.” ನೆಗೆಟಿವ್‌ನ ಫೋಟೋ ಕಳುಹಿಸಿ ಎಂದೆ. “ನೆಗೆಟಿವ್ ಲ್ಯಾಬಲ್ಲೇ ಬಿಟ್ಟೆ.” ಹಣ ವಾಪಸು ಕೇಳಿದೆ. “ಶಟರ್ ಕ್ಲಿಕ್ ಆಗುತ್ತಾ ಇಲ್ವಾ? ವರ್ಕಿಂಗ್ ಅಂದ್ರೆ ಅಷ್ಟೇ. ಇಷ್ಟು ಹಳೇ ಐಟಮ್, ಶೋಕೇಸಲ್ಲಿ ಇಡಿ ಸರ್, ಚೆನ್ನಾಗಿ ಕಾಣುತ್ತೆ.” ಕೊನೆಗೆ ಒಂದು ಕೈಮುಗಿದ ಚಿಹ್ನೆ ಕಳುಹಿಸಿ ನನ್ನನ್ನು ಬ್ಲಾಕ್ ಮಾಡಿದರು. ಆ ಕೈಮುಗಿತ ನನಗೆ ಕಪಾಳಕ್ಕೆ ಹೊಡೆದಂತೆ ಆಯಿತು.

ಆದ್ದರಿಂದ ಹಣ ಕಳುಹಿಸುವ ಮೊದಲು ಹಿಂಬಾಗಿಲು ತೆರೆದು, ಸ್ಪೂಲ್ ಕಾಣುವಂತೆ, ಕೆಂಪು ಕಿಟಕಿಯ ಟೇಪ್ ಕಿತ್ತು ಫೋಟೋ ತೆಗೆದು ಕಳುಹಿಸಲು ಹೇಳಿ. ನೆಗೆಟಿವ್‌ನ ಚಿತ್ರ ಕೇಳಿ. ‘ಎಲ್ಲಾ ಒಂದೇ ಸರ್’ ಎಂದ ಕೂಡಲೇ ಮಾತು ಮುಗಿಸಿ. ಮೊನ್ನೆ ಅದೇ ಸೈಕಲ್ ಮುದುಕನನ್ನು ಮತ್ತೊಂದು ಕ್ಯಾಮೆರಾದ ಕೆಳಗೆ, ಅದೇ ಎರಡು ಪದಗಳ ಜೊತೆ ಕಂಡೆ. ಇದನ್ನು ಬರೆಯಲು ಕುಳಿತದ್ದು ಅದಕ್ಕಾಗಿಯೇ.

ಅಂದ ಹಾಗೆ, ಯಾರ ಬಳಿಯಾದರೂ ಎರಡು 620 ಖಾಲಿ ಸ್ಪೂಲ್ ಇದ್ದರೆ ನ್ಯಾಯವಾದ ಬೆಲೆಗೆ ಕೊಳ್ಳುತ್ತೇನೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ ಬಂದ ಮೇಲೆಯೇ ಹಣದ ಮಾತು.