ಕೈಗೆ ಮೂರು ವಾಚು ಕಟ್ಟಿ ಘಟ್ಟ ಹತ್ತಿದ್ದು

ಎರಡೂ ಕೈಗೆ ಒಂದೊಂದು ಕಟ್ಟಿಕೊಂಡು ಉಡುಪಿಯಿಂದ ಕೊಲ್ಲೂರು ಬಸ್ಸು ಹತ್ತಿದ್ದೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಎಂತ ಮಾರಾಯ್ರೆ, ವಾಚಿನ ಅಂಗಡಿಯಾ?" ಅಂದರು. ಬಲಗೈಯಲ್ಲಿದ್ದದ್ದು ಮೂರು ಸಾವಿರದೊಳಗಿನ ಫಿಟ್‌ನೆಸ್ ಬ್ಯಾಂಡು. ಎಡಗೈಯಲ್ಲಿ ಮ್ಯಾರಥಾನ್ ಓಡುವ ಗೆಳೆಯನಿಂದ ಕಡ ತಂದ ಜಿಪಿಎಸ್ ವಾಚು. ಜೊತೆಗೆ ಬಂದ ಅಕ್ಕನ ಮಗನ ಕೈಯಲ್ಲಿ ಒಳ್ಳೆಯ ಫೋನಿನಷ್ಟೇ ಬೆಲೆಯ ಸ್ಮಾರ್ಟ್‌ವಾಚು. ಅಕ್ಟೋಬರಿನಲ್ಲಿ ಕೊಡಚಾದ್ರಿ, ಡಿಸೆಂಬರಿನಲ್ಲಿ ಕುಮಾರಪರ್ವತ. ಎರಡಕ್ಕೂ ಮೂರನ್ನೂ ಹತ್ತಿಸಿದೆವು.

ಸ್ಮಾರ್ಟ್‌ವಾಚಿನ ಕಥೆ ಬೇಗ ಮುಗಿಯುತ್ತದೆ, ಅದರ ಬ್ಯಾಟರಿಯ ಹಾಗೆ. ಬೆಳಿಗ್ಗೆ ಆರಕ್ಕೆ ನೂರು ಪರ್ಸೆಂಟ್ ಇದ್ದದ್ದು ಮಧ್ಯಾಹ್ನ ಎರಡಕ್ಕೆ ಹದಿನೆಂಟು. ಅದರಲ್ಲೇ ಸಿಮ್ ಇರುವುದರಿಂದ ಕಾಡಿನಲ್ಲಿ ಸಿಗದ ಟವರನ್ನು ಹುಡುಕಿ ಹುಡುಕಿ ಚಾರ್ಜು ಖಾಲಿಯಾಗುತ್ತದೆ. ಅಷ್ಟಾದರೂ ಸಹಿಸಬಹುದಿತ್ತು. ಕೊಡಚಾದ್ರಿಯಲ್ಲಿ ಜಿರಿಜಿರಿ ಮಳೆ ಶುರುವಾದಾಗ ಟಚ್ ಸ್ಕ್ರೀನು ಹನಿಯನ್ನೂ ಬೆರಳೆಂದೇ ತಿಳಿಯಿತು. ಒದ್ದೆ ತೋಳು ಒಮ್ಮೆ ಸವರಿದ್ದಕ್ಕೆ ಚಾರಣವನ್ನೇ ಮುಗಿಸಿ, "ಶಹಬ್ಬಾಸ್" ಎಂದು ಪಟಾಕಿಯ ಚಿತ್ರ ತೋರಿಸಿತು. ಆಗಿನ್ನೂ ನಾವು ಅರ್ಧ ದಾರಿಯಲ್ಲಿ ಉಂಬಳ ಕೀಳುತ್ತಾ ನಿಂತಿದ್ದೆವು. ನೀರಿಗೆಂದೇ ಸ್ಕ್ರೀನ್ ಲಾಕ್ ಇದೆ, ನಿಜ. ಆದರೆ ಅದನ್ನು ಹಾಕಬೇಕೆಂದು ನೆನಪಾಗುವುದು ಮಳೆ ಬಂದು ಎಲ್ಲ ಮುಗಿದ ಮೇಲೆ. ಜಿಪಿಎಸ್ ವಾಚಿಗೆ ಐದು ಗುಂಡಿ. ಕೈಗೆ ಕೆಸರಾಗಿದ್ದರೂ ಒತ್ತಬಹುದು.

ಬ್ಯಾಂಡು ಪಾಪದ್ದು. ಹತ್ತು ದಿನ ಚಾರ್ಜು ನಿಲ್ಲುತ್ತದೆ, ಕೈಯಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಅದಕ್ಕೆ ಸ್ವಂತ ಜಿಪಿಎಸ್ ಇಲ್ಲ, ಎಲ್ಲಿದ್ದೇವೆಂದು ಫೋನನ್ನು ಕೇಳಬೇಕು. ನನ್ನ ಫೋನು ಪ್ಲಾಸ್ಟಿಕ್ ಚೀಲದೊಳಗೆ, ಬ್ಯಾಗಿನ ತಳದಲ್ಲಿ. ಬ್ಯಾಟರಿ ಉಳಿಸುತ್ತೇನೆಂದು ಅದು ಬ್ಯಾಂಡಿನ ಆ್ಯಪನ್ನು ನಡುವೆಯೇ ಮಲಗಿಸಿತ್ತು. ಮನೆಗೆ ಬಂದು ನಕ್ಷೆ ತೆಗೆದರೆ ನಾವು ಕೊಡಚಾದ್ರಿಯ ಕಣಿವೆಯೊಂದನ್ನು ಗಿಡುಗನ ಹಾಗೆ ನೇರ ಗೆರೆಯಲ್ಲಿ ದಾಟಿದ್ದೆವು!

ಎದೆಬಡಿತದಲ್ಲಿ ಬ್ಯಾಂಡು ಇನ್ನೂ ಮೋಸ ಹೋಯಿತು. ಕೈಗೆ ಕಟ್ಟುವ ಇವೆಲ್ಲ ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಹರಿಯುವ ಏರಿಳಿತವನ್ನು ಹಿಂತಿರುಗಿದ ಬೆಳಕಿನಲ್ಲಿ ಓದುತ್ತವೆ. ಕೋಲು ಹಿಡಿದು ಹತ್ತುವಾಗ ಮಣಿಕಟ್ಟಿನ ನರ, ಸ್ನಾಯು ಎಲ್ಲ ಅಲುಗಾಡುತ್ತವೆ, ಬೆವರಿಗೆ ಪಟ್ಟಿ ಜಾರುತ್ತದೆ. ಆಗ ಅದು ಹೆಜ್ಜೆಯ ಲಯವನ್ನೇ ಎದೆಬಡಿತವೆಂದು ತಿಳಿಯುತ್ತದೆ. ಒಂದು ಕಡೆ ನಿಂತು, ಕುತ್ತಿಗೆಗೆ ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿದೆ: 37. ನಾಲ್ಕರಿಂದ ಗುಣಿಸಿದರೆ 148. ಬ್ಯಾಂಡು ಹೇಳುತ್ತಿದ್ದದ್ದು 112. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ, ಸ್ವಲ್ಪ ಬಿಗಿಯಾಗಿ ಕಟ್ಟಿದ ಮೇಲೆ 140ರ ಹತ್ತಿರ ಬಂತು. ಜಿಪಿಎಸ್ ವಾಚೂ ಈ ವಿಷಯದಲ್ಲಿ ಸತ್ಯಹರಿಶ್ಚಂದ್ರನೇನಲ್ಲ, ತಪ್ಪುವುದು ಸ್ವಲ್ಪ ಕಡಿಮೆ, ಅಷ್ಟೆ. ಎದೆಬಡಿತವೇ ಮುಖ್ಯ ಅನ್ನುವವರು ಎದೆಗೆ ಕಟ್ಟುವ ಪಟ್ಟಿ ಕೊಳ್ಳಲಿ.

ರಕ್ತದ ಆಮ್ಲಜನಕದ ಅಳತೆ ಮೂರರಲ್ಲೂ ಬರುತ್ತದೆ, ಆದರೆ ನಮ್ಮ ಬೆಟ್ಟಗಳಲ್ಲಿ ಅದರಿಂದ ದೊಡ್ಡ ಉಪಯೋಗವಿಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆಯ ಮಾತು ಬರುವುದು ಸಾಮಾನ್ಯವಾಗಿ 2,500 ದಾಟಿದ ಮೇಲೆ. ಅದನ್ನು ಬಂದ್ ಮಾಡಿದರೆ ಬ್ಯಾಟರಿಯಾದರೂ ಉಳಿದೀತು.

ನನಗೆ ಹುಚ್ಚು ಹಿಡಿಸಿದ್ದು ಜಿಪಿಎಸ್ ವಾಚಿನ ಎತ್ತರ ಅಳೆಯುವ ಕೆಲಸ. ಅದರೊಳಗೊಂದು ವಾಯುಭಾರ ಮಾಪಕ ಇದೆ. ತಗ್ಗು ಪ್ರದೇಶದಲ್ಲಿ ಸುಮಾರು ಎಂಟೂವರೆ ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ, ಅದರ ಮೇಲೆ ಲೆಕ್ಕ. ತೊಂದರೆ ಏನೆಂದರೆ, ನಾವು ಅಲುಗಾಡದಿದ್ದರೂ ಒತ್ತಡ ಅಲುಗಾಡುತ್ತದೆ. ನಮ್ಮ ಕಡೆ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ. ಮನೆಯ ಕಿಟಕಿಯ ದಂಡೆಯಲ್ಲಿಟ್ಟ ವಾಚು ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಇಪ್ಪತ್ತು ಮೀಟರ್ ಬೆಟ್ಟ ಹತ್ತಿತ್ತು. ಹಾಗಾಗಿ ಎತ್ತರ ಗೊತ್ತಿರುವ ಜಾಗದಲ್ಲಿ ಸರಿಪಡಿಸಿಕೊಂಡೇ ಹೊರಡಬೇಕು. ಉಡುಪಿಯವರಿಗೆ ಅದೇನು ಕಷ್ಟ, ಮಲ್ಪೆಗೆ ಹೋಗಿ ಅಲೆಯ ಅಂಚಿನಲ್ಲಿ ನಿಂತು ಸೊನ್ನೆ ಒತ್ತಿ ಬಂದೆ. ಕುಮಾರಪರ್ವತದ ತುದಿಯ ಎತ್ತರ 1,712 ಮೀಟರ್. ವಾಚು ತೋರಿಸಿದ್ದು 1,698.

ಕುಕ್ಕೆಯಿಂದ ಆ ತುದಿಗೆ ಸುಮಾರು 1,600 ಮೀಟರ್ ಏರು. ಅಲ್ಲಿ ಎಷ್ಟು ಹೆಜ್ಜೆ, ಎಷ್ಟು ಕ್ಯಾಲೊರಿ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಎರಡೇ: ಇನ್ನೆಷ್ಟು ಹತ್ತಬೇಕು, ಕತ್ತಲಾಗಲು ಇನ್ನೆಷ್ಟು ಹೊತ್ತು. ಇಳಿಯುವಾಗ ಶೇಷಪರ್ವತದ ಹತ್ತಿರ ಮಂಜು ಮುಸುಕಿ, ಹತ್ತು ಮಾರು ದೂರದ ಹುಲ್ಲೂ ಕಾಣದಾಯಿತು. ಫೋನಿಗೆ ನೆಟ್‌ವರ್ಕ್ ಇಲ್ಲ. ಅಕ್ಕನ ಮಗನ ವಾಚು ಆಗಲೇ ಸತ್ತಿತ್ತು. ನಾನು ಬಂದ ದಾರಿ ತೋರಿಸುವ ಗುಂಡಿ ಒತ್ತಿದೆ. ಬೂದು ಪರದೆಯ ಮೇಲೊಂದು ಗೆರೆ, ನಾವಿದ್ದ ಚುಕ್ಕಿ ಗೆರೆಯಿಂದ ಎಡಕ್ಕೆ ನಲವತ್ತು ಮೀಟರ್ ಆಚೆ. ಕೆಳಗೆ, ಸೂರ್ಯಾಸ್ತಕ್ಕೆ 2 ಗಂಟೆ 50 ನಿಮಿಷ. "ಮಾಮ, ಬಲಕ್ಕೆ ಹೋಗುವ" ಅಂದ ಹುಡುಗ, ಮೊದಲ ಸಲ ನನ್ನ ವಾಚು ನೋಡಿ. ಹಾಗೆಂದು ದಟ್ಟ ಮರಗಳ ಕೆಳಗೆ ಆ ಗೆರೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಅಲ್ಲಿ ಉಪಗ್ರಹದ ಸಂಕೇತ ತಡವರಿಸಿ, ಕುಡಿದವರ ನಡಿಗೆಯ ಹಾಗೆ ದಾರಿ ಬರೆದಿತ್ತು.

ಬಿದ್ದರೆ ವಾಚೇ ಮನೆಗೆ ಸುದ್ದಿ ಮುಟ್ಟಿಸುತ್ತದೆ ಎಂದು ಧೈರ್ಯ ಮಾಡುವವರಿಗೆ ಒಂದು ಮಾತು. ನಮ್ಮ ಬಳಿ ಇದ್ದ ಮೂರರಲ್ಲಿ ಯಾವುದು ಸುದ್ದಿ ಮುಟ್ಟಿಸುವುದಾದರೂ ಟವರ್ ಬೇಕೇ ಬೇಕು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ದುಬೈಯಿಂದ ಬರುವ ನೆಂಟರ ಕೈಯಲ್ಲಿ ತರಿಸುವ ಯೋಚನೆ ಇದ್ದರೆ ಬಿಡಿ, ಏರ್‌ಪೋರ್ಟಿನಲ್ಲೇ ಸಿಕ್ಕಿಬೀಳುತ್ತಾರೆ.

ಗೆಳೆಯನ ವಾಚು ವಾಪಸ್ ಕೊಟ್ಟು, ಅದೇ ಜಾತಿಯ ಹಳೆಯ ಮಾದರಿಯೊಂದನ್ನು ಸೆಕೆಂಡ್ ಹ್ಯಾಂಡಿಗೆ ತಗೊಂಡೆ. ಅಕ್ಕನ ಮಗ ಕಾಲೇಜಿಗೆ ಸ್ಮಾರ್ಟ್‌ವಾಚೇ ಚಂದ ಅನ್ನುತ್ತಾನೆ, ಅದೂ ಸರಿ. ಬ್ಯಾಂಡು ಈಗ ಅಮ್ಮನ ಕೈಯಲ್ಲಿದೆ. ಬೆಳಿಗ್ಗೆ ರಥಬೀದಿಗೆ ಎರಡು ಸುತ್ತು ಹಾಕಿ ಬಂದು ಕಾಯಿ ತುರಿಯಲು ಕೂತರೆ ಅದಕ್ಕೂ ಹೆಜ್ಜೆ ಎಣಿಸುತ್ತದೆ. ಇದು ತಪ್ಪು ಲೆಕ್ಕ ಎಂದರೆ ಅಮ್ಮ ಒಪ್ಪುವುದಿಲ್ಲ. "ಕಾಯಿ ತುರಿಯುವುದು ಕೆಲಸ ಅಲ್ವನಾ?"